ತೊಟ್ಟಿಲಿನಿಂದ ಊರುಗೋಲಿನವರೆಗೆ: ಮನಸ್ಸು ಬೆಳೆಯುವ ಎಂಟು ಹಂತಗಳು

“ಡಾಕ್ಟ್ರೇ, ಆರು ತಿಂಗಳಿಂದ ತಲೆನೋವು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ. ಸ್ಕ್ಯಾನಿಂಗ್ ಆಯಿತು, ಕಣ್ಣಿನ ಪರೀಕ್ಷೆ ಆಯಿತು. ಏನೂ ತೊಂದರೆಯಿಲ್ಲ ಅಂದರು.”

ನಲವತ್ತೆರಡು ವರ್ಷದ ಗೃಹಿಣಿಯೊಬ್ಬರು ಹೀಗೆ ಮಾತು ಆರಂಭಿಸುತ್ತಾರೆ. ಮನೆಯ ವಿಷಯ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮನೆ ತುಂಬ ಜನ ಇದ್ದೇವೆ. ಆದರೆ ಒಬ್ಬರಿಗೊಬ್ಬರು ಅರ್ಥವೇ ಆಗುವುದಿಲ್ಲ. ಎಲ್ಲರ ಜಗಳವೂ ಕೊನೆಗೆ ನನ್ನ ಅಡುಗೆಮನೆಗೇ ಬರುತ್ತದೆ” ಎನ್ನುತ್ತಾರೆ.

ಆ ಮನೆಯಲ್ಲಿ 74 ವರ್ಷದ ಮಾವನವರಿದ್ದಾರೆ. ನಿವೃತ್ತ ಪೋಸ್ಟ್ ಮಾಸ್ಟರ್. ಅತ್ತೆ ತೀರಿಕೊಂಡು ವರ್ಷವಾಯಿತು. ಅಂದಿನಿಂದ “ನಾನಿದ್ದು ಏನು ಪ್ರಯೋಜನ?” ಎಂಬ ಮಾತು ಹೆಚ್ಚಾಗಿದೆ. ಯಜಮಾನರಿಗೆ 47. ಈ ಬಾರಿಯೂ ಬಡ್ತಿ ತಪ್ಪಿತು. ಮನೆಗೆ ಬಂದರೆ ಟೀವಿ ಬಿಟ್ಟು ಏಳುವುದಿಲ್ಲ. ಮಗ ಎರಡನೇ ಪಿಯುಸಿ. ಕೋಣೆಯ ಬಾಗಿಲು ಹಾಕಿಕೊಂಡರೆ ಊಟಕ್ಕೂ ಬಾರ. ಒಂಬತ್ತು ವರ್ಷದ ಮಗಳಿಗೆ ಪ್ರತಿ ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ಮೈದುನನಿಗೂ ಓರಗಿತ್ತಿಗೂ ಮಾತು ಕಡಿಮೆಯಾಗಿದೆ. ಅವರ ಎರಡೂವರೆ ವರ್ಷದ ಮಗ ಎಲ್ಲಕ್ಕೂ “ನಾನೇ, ನಾನೇ” ಎಂದು ಹಟ ಹಿಡಿದು ನೆಲಕ್ಕೆ ಉರುಳುತ್ತಾನೆ. ತೊಟ್ಟಿಲಲ್ಲಿ ಐದು ತಿಂಗಳ ಕೂಸು.

ವೈದ್ಯರ ಬಳಿಗೆ ಬರುವ ಅನೇಕ ಮನೆಗಳ ಕಥೆಯನ್ನು ಸೇರಿಸಿ ಕಟ್ಟಿದ ಮನೆ ಇದು. ಹಾಗೆಂದು ಇದು ನಿಮ್ಮ ಮನೆಯಲ್ಲ ಎಂದು ಹೇಳುವಂತಿಲ್ಲ! ಈ ಮನೆಯಲ್ಲಿ ಇಷ್ಟೊಂದು ಜನರಿಗೆ ಒಟ್ಟಿಗೇ ಮನಸ್ಸು ಕೆಟ್ಟಿದೆಯೇ? ಇಲ್ಲ. ಇವರಲ್ಲಿ ಒಬ್ಬರಿಗೆ ಮಾತ್ರ ಚಿಕಿತ್ಸೆ ಬೇಕಾದ ಮಾನಸಿಕ ಕಾಯಿಲೆಯಿದೆ. ಉಳಿದವರೆಲ್ಲ ತಮ್ಮ ತಮ್ಮ ವಯಸ್ಸು ಒಡ್ಡಿದ ಪರೀಕ್ಷೆಯನ್ನು ಬರೆಯುತ್ತಿದ್ದಾರೆ. ಕಾಯಿಲೆ ಯಾರದು ಎಂಬುದನ್ನು ಕೊನೆಯಲ್ಲಿ ನೋಡೋಣ. ಮೊದಲು ಆ ಪರೀಕ್ಷೆಗಳ ವಿಷಯ ತಿಳಿಯೋಣ.

ಎರಿಕ್ ಎರಿಕ್‌ಸನ್ ಹೇಳಿದ್ದೇನು?

ದೇಹ ಬೆಳೆಯುವುದು ಹದಿನೆಂಟು, ಇಪ್ಪತ್ತಕ್ಕೆ ನಿಲ್ಲುತ್ತದೆ. ಮನಸ್ಸು? ಅದೂ ಐದಾರು ವರ್ಷದೊಳಗೇ ರೂಪುಗೊಂಡುಬಿಡುತ್ತದೆ ಎಂಬುದು ಒಂದು ಕಾಲದ ನಂಬಿಕೆಯಾಗಿತ್ತು. ಇದನ್ನು ಬದಲಿಸಿದವರಲ್ಲಿ ಮುಖ್ಯರು ಎರಿಕ್ ಎರಿಕ್‌ಸನ್. 1902ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಇವರಿಗೆ ಹೆತ್ತ ತಂದೆ ಯಾರೆಂಬುದು ಜೀವನಪೂರ್ತಿ ತಿಳಿಯಲಿಲ್ಲ. ಸಾಕಿದವರು ಮಲತಂದೆಯಾದ ಮಕ್ಕಳ ವೈದ್ಯರು. ಯೆಹೂದಿ ಮನೆಯಲ್ಲಿ ಬೆಳೆದ ಹೊಂಗೂದಲಿನ ಎತ್ತರದ ಹುಡುಗನನ್ನು ಯೆಹೂದಿ ಮಕ್ಕಳು ಪರಕೀಯನೆಂದು ರೇಗಿಸಿದರೆ, ಶಾಲೆಯ ಮಕ್ಕಳು ಯೆಹೂದಿಯೆಂದು ರೇಗಿಸುತ್ತಿದ್ದರು. “ನಾನು ಯಾರು?” ಎಂಬ ಪ್ರಶ್ನೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

ಚಿತ್ರ ಬರೆಯುತ್ತ ಊರೂರು ಅಲೆದ ಈ ಯುವಕ 1927ರಲ್ಲಿ ವಿಯೆನ್ನಾದ ಪುಟ್ಟ ಶಾಲೆಯೊಂದರಲ್ಲಿ ಶಿಕ್ಷಕನಾದ. ಅಲ್ಲಿ ಸಿಗ್ಮಂಡ್ ಫ್ರಾಯ್ಡ್ ಅವರ ಮಗಳು ಅನ್ನಾ ಫ್ರಾಯ್ಡ್ ಅವರಿಂದ ಮನೋವಿಶ್ಲೇಷಣೆಯ ತರಬೇತಿ ದೊರೆಯಿತು. 1933ರಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದರು. ಕಾಲೇಜು ಪದವಿಯಿಲ್ಲದ ಇವರು ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1950ರಲ್ಲಿ ಪ್ರಕಟವಾದ ಅವರ ‘ಚೈಲ್ಡ್‌ಹುಡ್ ಅಂಡ್ ಸೊಸೈಟಿ’ ಪುಸ್ತಕದಲ್ಲಿ ಮನುಷ್ಯನ ಮನೋಸಾಮಾಜಿಕ ಬೆಳವಣಿಗೆಯ ಎಂಟು ಹಂತಗಳ ವಿವರಣೆಯಿದೆ. ಈ ಕೆಲಸದಲ್ಲಿ ಪತ್ನಿ ಜೋನ್ ಅವರದೂ ಸಮಪಾಲು. ಎರಿಕ್‌ಸನ್ 1994ರಲ್ಲಿ ನಿಧನರಾದರು.

ಪ್ರತಿ ವಯಸ್ಸಿನಲ್ಲೂ ಮನಸ್ಸಿಗೆ ಒಂದು ಮುಖ್ಯ ಕೆಲಸವಿರುತ್ತದೆ. ಅದು ಚೆನ್ನಾಗಿ ನಡೆದರೆ ಒಂದು ಗುಣ ಬಲಿಯುತ್ತದೆ, ನಡೆಯದಿದ್ದರೆ ಅದರ ವಿರುದ್ಧದ ಭಾವನೆ ಮೇಲುಗೈ ಪಡೆಯುತ್ತದೆ ಎಂಬುದು ಅವರ ಸಿದ್ಧಾಂತದ ತಿರುಳು. ಎರಡು ಮಾತು ನೆನಪಿಡಿ. ಒಂದು, ಇದು ಪಾಸು-ಫೇಲಿನ ಲೆಕ್ಕವಲ್ಲ. ತಕ್ಕಡಿಯ ಎರಡು ತಟ್ಟೆಗಳಂತೆ ಎರಡೂ ಭಾವನೆಗಳು ಎಲ್ಲರಲ್ಲೂ ಇರುತ್ತವೆ. ಒಳ್ಳೆಯ ತಟ್ಟೆ ತೂಗಿದರೆ ಸಾಕು. ಎರಡು, ಒಂದು ಹಂತದಲ್ಲಿ ಉಳಿದ ಕೊರತೆಯನ್ನು ಮುಂದೆ ತುಂಬಿಕೊಳ್ಳಲು ಅವಕಾಶವಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಮನಸ್ಸಿನ ಮಟ್ಟಿಗೆ ಪೂರ್ತಿ ನಿಜವಲ್ಲ.

1. ನಂಬಿಕೆ – ಅಪನಂಬಿಕೆ (ಹುಟ್ಟಿನಿಂದ ಒಂದೂವರೆ ವರ್ಷ)

ತೊಟ್ಟಿಲಿನ ಕೂಸಿಗೆ ಮಾತಿಲ್ಲ. ಅಳುವೇ ಅದರ ಭಾಷೆ. ಹಸಿವಾದಾಗ ಹಾಲು, ಒದ್ದೆಯಾದಾಗ ಒಣಬಟ್ಟೆ, ಹೆದರಿದಾಗ ಎತ್ತಿಕೊಳ್ಳುವ ಕೈ ಸಿಕ್ಕಿದರೆ ‘ಈ ಲೋಕ ನಂಬಿಕೆಗೆ ಯೋಗ್ಯ’ ಎಂಬ ಭಾವನೆ ಬೇರುಬಿಡುತ್ತದೆ. ‘ಅತ್ತಾಗಲೆಲ್ಲ ಎತ್ತಿಕೊಂಡರೆ ಕೈರೂಢಿಯಾಗುತ್ತದೆ, ಸ್ವಲ್ಪ ಅಳಲಿ ಬಿಡು’ ಎಂದು ಹೇಳುವವರಿದ್ದಾರೆ. ಮೊದಲ ತಿಂಗಳುಗಳಲ್ಲಿ ಈ ಭಯ ಬೇಡ. ಎತ್ತಿಕೊಂಡದ್ದರಿಂದ ಎಳೆಗೂಸು ಕೆಡುವುದಿಲ್ಲ.

ಮಗುವನ್ನು ನೋಡಿಕೊಳ್ಳುವ ತಾಯಿಯನ್ನು ನೋಡಿಕೊಳ್ಳುವವರು ಯಾರು ಎಂಬುದೂ ಅಷ್ಟೇ ಮುಖ್ಯ. ಹೆರಿಗೆಯ ನಂತರದ ಕೆಲವು ದಿನ ಅಳು ಬರುವುದು ಸಹಜ. ಆದರೆ ಎರಡು ವಾರ ಕಳೆದರೂ ಬೇಸರ, ಮಗುವಿನ ಬಗ್ಗೆ ನಿರಾಸಕ್ತಿ, ಮಗು ಮಲಗಿದರೂ ನಿದ್ದೆ ಬಾರದಿರುವುದು ಇದ್ದರೆ ಅದು ಬಾಣಂತಿಯ ಖಿನ್ನತೆಯಿರಬಹುದು. ‘ಗಾಳಿ ಸೋಕಿದೆ’ ಎಂದು ತಡಮಾಡದೆ ವೈದ್ಯರಿಗೆ ತೋರಿಸಿ.

2. ಸ್ವತಂತ್ರ ಭಾವ – ನಾಚಿಕೆ, ಸಂದೇಹ (ಒಂದೂವರೆಯಿಂದ 3 ವರ್ಷ)

ಅಂಗಿಯ ಗುಂಡಿಯನ್ನು ತಾನೇ ಹಾಕಬೇಕು, ಅನ್ನವನ್ನು ತಾನೇ ಕಲಸಬೇಕು. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ. ಇದನ್ನು ಹಟಮಾರಿತನ ಎನ್ನುತ್ತೇವೆ. ವಾಸ್ತವವಾಗಿ ಮಗು ‘ನನ್ನ ಕೈಕಾಲು ನನ್ನ ಮಾತು ಕೇಳುತ್ತವೆ’ ಎಂದು ಕಂಡುಕೊಳ್ಳುತ್ತಿರುತ್ತದೆ.

ಮಲಮೂತ್ರದ ಮೇಲೆ ಹಿಡಿತ ಬರುವ ಕಾಲವೂ ಇದೇ. ಎಲ್ಲ ಮಕ್ಕಳಿಗೂ ಒಂದೇ ವಯಸ್ಸಿಗೆ ಇದು ಸಾಧ್ಯವಾಗುವುದಿಲ್ಲ. ಚಡ್ಡಿಯಲ್ಲಿ ಮಾಡಿಕೊಂಡಾಗ ನಾಲ್ಕು ಜನರ ಮುಂದೆ ‘ಛೀ, ನಾಚಿಕೆಯಾಗಲ್ವಾ?’ ಎಂದು ಹೀಗಳೆದರೆ ಮಗುವಿಗೆ ಶುಚಿತ್ವ ಬರುವುದಿಲ್ಲ, ತನ್ನ ಮೇಲೇ ಅಸಹ್ಯ ಬರುತ್ತದೆ. ಬೆಂಕಿ, ರಸ್ತೆ, ವಿದ್ಯುತ್ತಿನ ವಿಷಯದಲ್ಲಿ ‘ಬೇಡ’ ಎಂದರೆ ಬೇಡವೇ. ಉಳಿದೆಡೆ ಆಯ್ಕೆ ಕೊಡಿ. ‘ಕೆಂಪು ಅಂಗಿ ಬೇಕೋ, ನೀಲಿ ಬೇಕೋ?’ ಎಂದು ಕೇಳಿದರೆ ಅರ್ಧ ರಂಪ ಅಲ್ಲಿಗೇ ನಿಲ್ಲುತ್ತದೆ.

3. ಮುನ್ನುಗ್ಗುವಿಕೆ – ತಪ್ಪಿತಸ್ಥ ಭಾವ (3ರಿಂದ 6 ವರ್ಷ)

ನಮ್ಮ ಕಥೆಯ ಮನೆಯಲ್ಲಿ ಈ ವಯಸ್ಸಿನ ಮಗುವಿಲ್ಲ. ಪಕ್ಕದ ಮನೆಯಿಂದ ದಿನವೂ ಬರುತ್ತದೆ! ಪಾತ್ರೆ ತೊಳೆಯುತ್ತೇನೆಂದು ನೀರು ಚೆಲ್ಲುತ್ತದೆ, ನೂರು ಪ್ರಶ್ನೆ ಕೇಳುತ್ತದೆ, ಒಮ್ಮೆ ಟೀಚರ್ ಆದರೆ ಮತ್ತೊಮ್ಮೆ ಬಸ್ ಕಂಡಕ್ಟರ್. ‘ತಲೆಹರಟೆ’ ಎಂದು ಬಾಯಿ ಮುಚ್ಚಿಸಬೇಡಿ.

ಈ ವಯಸ್ಸಿನ ಮಗು ಸುತ್ತ ನಡೆಯುವುದಕ್ಕೆಲ್ಲ ತಾನೇ ಕಾರಣವೆಂದು ಭಾವಿಸಬಲ್ಲದು. ‘ನಿನ್ನಿಂದಲೇ ಅಮ್ಮನಿಗೆ ಜ್ವರ ಬಂತು’ ಎಂದು ತಮಾಷೆಗೆ ಹೇಳಿದರೂ ಅದು ನಂಬುತ್ತದೆ. ಮನೆಯಲ್ಲಿ ಸಾವು ಸಂಭವಿಸಿದಾಗ, ತಂದೆ ತಾಯಿ ಬೇರೆಯಾದಾಗ ‘ಇದರಲ್ಲಿ ನಿನ್ನ ತಪ್ಪೇನೂ ಇಲ್ಲ’ ಎಂದು ಬಾಯಿಬಿಟ್ಟು ಹೇಳಬೇಕು.

4. ಕಾರ್ಯಶೀಲತೆ – ಕೀಳರಿಮೆ (6ರಿಂದ 12 ವರ್ಷ)

ಶಾಲೆ ಸೇರಿದ ಮಗುವಿನ ಮನಸ್ಸಿನಲ್ಲಿರುವ ಪ್ರಶ್ನೆ ‘ನನ್ನಿಂದ ಆಗುತ್ತದೆಯೇ?’ ಎಂಬುದು. ಓದು, ಲೆಕ್ಕ, ಸೈಕಲ್, ಈಜು, ರಂಗೋಲಿ, ಚಪಾತಿ ಲಟ್ಟಿಸುವುದು ಯಾವುದಾದರೂ ಸರಿ, ಮಾಡಿ ಮುಗಿಸಿದ ಸಂತೋಷ ಅದಕ್ಕೆ ಬೇಕು. ಪಕ್ಕದ ಮನೆಯ ಹುಡುಗಿಯ ಅಂಕಪಟ್ಟಿಯೊಂದಿಗೆ ಹೋಲಿಸುತ್ತ ಹೋದರೆ ಕೀಳರಿಮೆ ತಳವೂರುತ್ತದೆ.

ಸೋಮವಾರದ ಹೊಟ್ಟೆನೋವು ನಾಟಕವಲ್ಲ. ಆತಂಕದಿಂದ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಹೀಗಾದಾಗ ಕೆಲವನ್ನು ಪರೀಕ್ಷಿಸಿ: ಮಗುವಿಗೆ ಕಪ್ಪು ಹಲಗೆ ಸರಿಯಾಗಿ ಕಾಣುತ್ತದೆಯೇ? ಕಿವಿ ಕೇಳುತ್ತದೆಯೇ? ತರಗತಿಯಲ್ಲಿ ಯಾರಾದರೂ ಪೀಡಿಸುತ್ತಿದ್ದಾರೆಯೇ? ಬುದ್ಧಿ ಚುರುಕಾಗಿದ್ದೂ ಓದು, ಬರಹ, ಲೆಕ್ಕದಲ್ಲಿ ಮಾತ್ರ ತೀರ ಹಿಂದಿದ್ದರೆ ಅದು ನಿರ್ದಿಷ್ಟ ಕಲಿಕಾ ನ್ಯೂನತೆಯಿರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ. ಸೋಮಾರಿ, ದಡ್ಡ ಎಂಬ ಹಣೆಪಟ್ಟಿ ಹಚ್ಚುವ ಮೊದಲು ತಜ್ಞರಿಗೆ ತೋರಿಸಿ.

5. ಅಸ್ಮಿತೆ – ಗೊಂದಲ (12ರಿಂದ 18 ವರ್ಷ)

ಎರಿಕ್‌ಸನ್ ಹೆಚ್ಚು ಪ್ರಸಿದ್ಧರಾದದ್ದು ಈ ಹಂತದ ವಿವರಣೆಯಿಂದ. ‘ಐಡೆಂಟಿಟಿ ಕ್ರೈಸಿಸ್’ ಎಂಬ ಪದವನ್ನು ಬಳಕೆಗೆ ತಂದವರು ಅವರೇ. ನಿನ್ನೆಯ ಮಗುವಿನ ಮೈ ಇಂದು ಬೇರೆಯಾಗಿದೆ. ಧ್ವನಿ ಒಡೆದಿದೆ, ಮೊಡವೆ ಬಂದಿದೆ, ಆಕರ್ಷಣೆಗಳು ಶುರುವಾಗಿವೆ. ‘ನಾನು ಯಾರು? ಅಪ್ಪ ಅಮ್ಮ ಹೇಳುವವನೋ, ಗೆಳೆಯರು ಹೇಳುವವನೋ?’ ಎಂಬ ಹುಡುಕಾಟದಲ್ಲಿ ಹದಿಹರೆಯದವರು ಒಂದು ವರ್ಷ ಕ್ರಿಕೆಟ್ ಆಟಗಾರನ ಹಾಗೆ ಕೂದಲು ಬಿಡುತ್ತಾರೆ, ಮರುವರ್ಷ ದೇವರ ಮನೆಯಲ್ಲಿ ಕೂರುತ್ತಾರೆ. ಬಟ್ಟೆ ಹಾಕಿ ನೋಡಿದ ಹಾಗೆ ವ್ಯಕ್ತಿತ್ವಗಳನ್ನು ಹಾಕಿ ನೋಡುತ್ತಿರುತ್ತಾರೆ.

ಮುಂದಾಲೋಚನೆ ಮಾಡುವ, ಆವೇಶವನ್ನು ತಡೆಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆಯೇ ಎಂದು ಈಗ ತಿಳಿದಿದೆ. ಅಂದರೆ ಎಂಜಿನ್ ಬಂದಿದೆ, ಬ್ರೇಕ್ ಇನ್ನೂ ಸರಿಯಾಗಿ ಬಂದಿಲ್ಲ. ಬಾಗಿಲು ಹಾಕಿಕೊಂಡ ಮಾತ್ರಕ್ಕೆ ಹುಡುಗ ಕೆಟ್ಟ ಎಂದಲ್ಲ. ಆ ಬಾಗಿಲಿನ ಹಿಂದೆ ಅವನಿಗೊಂದು ಸ್ವಂತ ಜಾಗ ಬೇಕಾಗಿದೆ.

ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯಾ 1966ರಲ್ಲಿ ಈ ಹಂತವನ್ನು ಇನ್ನಷ್ಟು ಬಿಡಿಸಿ ನೋಡಿದರು. ಕೆಲವರು ಹುಡುಕಾಡಿ ತಮ್ಮ ದಾರಿ ಕಂಡುಕೊಳ್ಳುತ್ತಾರೆ. ಕೆಲವರು ಇನ್ನೂ ಹುಡುಕುತ್ತಿರುತ್ತಾರೆ. ಕೆಲವರು ಹುಡುಕುವುದೂ ಇಲ್ಲ, ನಿರ್ಧರಿಸುವುದೂ ಇಲ್ಲ. ನಾಲ್ಕನೆಯ ಗುಂಪಿನವರು ಹುಡುಕಾಟವೇ ಇಲ್ಲದೆ ಹಿರಿಯರು ಕೊಟ್ಟದ್ದನ್ನು ಹಾಗೆಯೇ ಒಪ್ಪಿಕೊಂಡವರು. ನಮ್ಮ ಮನೆಗಳಲ್ಲಿ ಈ ನಾಲ್ಕನೆಯ ಬಗೆ ಬಹಳ. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಬಂದರೆ ವಿಜ್ಞಾನ, ಆಮೇಲೆ ಎಂಜಿನಿಯರಿಂಗ್ ಇಲ್ಲವೇ ಮೆಡಿಕಲ್. ಹುಡುಗನ ಇಷ್ಟ ಕೇಳುವ ಹೊತ್ತಿಗೆ ಫೀಸು ಕಟ್ಟಿ ಆಗಿರುತ್ತದೆ. ಹೀಗೆ ಬೆಳೆದವರಲ್ಲಿ ಕೆಲವರು ಮೂವತ್ತರಲ್ಲಿ ಕೆಲಸ ಬಿಟ್ಟು, ಹದಿನೇಳರಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿಕೊಳ್ಳುತ್ತಾರೆ.

ಫಲಿತಾಂಶದ ವಾರ ಪೋಷಕರು ವಿಶೇಷ ಎಚ್ಚರದಿಂದಿರಬೇಕು. ‘ನೀನು ಫೇಲಾದೆ’ ಎಂಬ ಮಾತು ಈ ವಯಸ್ಸಿನ ಕಿವಿಗೆ ‘ನೀನೇ ಬೇಡ’ ಎಂದು ಕೇಳಿಸುತ್ತದೆ. ಪೂರಕ ಪರೀಕ್ಷೆಯಿದೆ, ಬೇರೆ ಕೋರ್ಸುಗಳಿವೆ ಎಂದು ಫಲಿತಾಂಶಕ್ಕೆ ಮೊದಲೇ ಮಾತಾಡಿಡಿ. ಮಗು ತೀರ ಮಂಕಾಗಿದ್ದರೆ ‘ಸಾಯಬೇಕು ಅನ್ನಿಸುತ್ತಿದೆಯೇನಪ್ಪಾ?’ ಎಂದು ಮೃದುವಾಗಿ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗಿದ್ದದ್ದು ಹೊರಬರಲು ದಾರಿಯಾಗುತ್ತದೆ.

6. ಅನ್ಯೋನ್ಯತೆ – ಒಂಟಿತನ (18ರಿಂದ 40 ವರ್ಷ)

ತನ್ನನ್ನು ತಾನು ಕಂಡುಕೊಂಡವನು ಮಾತ್ರ ತನ್ನನ್ನು ಕಳೆದುಕೊಳ್ಳುವ ಭಯವಿಲ್ಲದೆ ಇನ್ನೊಬ್ಬರಿಗೆ ಹತ್ತಿರವಾಗಬಲ್ಲ ಎಂಬುದು ಎರಿಕ್‌ಸನ್ ಅವರ ಅಭಿಪ್ರಾಯ. ಗೆಳೆತನ, ಪ್ರೇಮ, ದಾಂಪತ್ಯ ಎಲ್ಲಕ್ಕೂ ಇದು ಅನ್ವಯ. ನಮ್ಮಲ್ಲಿ ಹೆಚ್ಚಾಗಿ ಮದುವೆ ಮೊದಲು, ಪರಿಚಯ ಆಮೇಲೆ. ಅದರಲ್ಲಿ ತಪ್ಪೇನಿಲ್ಲ, ಪರಿಚಯಕ್ಕೆ ಸಮಯ ಕೊಡಬೇಕಷ್ಟೆ.

ಮೈದುನ, ಓರಗಿತ್ತಿಯ ಕಷ್ಟ ಏನು? ಎರಡು ಚಿಕ್ಕ ಮಕ್ಕಳು, ನಿದ್ದೆಯಿಲ್ಲದ ರಾತ್ರಿಗಳು, ತುಂಬಿದ ಮನೆ. ಇಬ್ಬರೇ ಕೂತು ಒಂದು ಲೋಟ ಕಾಫಿ ಕುಡಿದು ಎಷ್ಟು ದಿನವಾಯಿತೋ. ಅಂಥವರಿಗೆ ಉಪದೇಶಕ್ಕಿಂತ ‘ಮಕ್ಕಳನ್ನು ನಾವು ನೋಡಿಕೊಳ್ಳುತ್ತೇವೆ, ಒಂದು ಗಂಟೆ ಹೊರಗೆ ಹೋಗಿ ಬನ್ನಿ’ ಎಂಬ ಹಿರಿಯರ ಮಾತು ದೊಡ್ಡ ಔಷಧ.

7. ಮುಂದಿನವರಿಗಾಗಿ ಬದುಕು – ಜಡತೆ (40ರಿಂದ 65 ವರ್ಷ)

ನಲವತ್ತು ದಾಟಿದಾಗ ಲೆಕ್ಕ ತಿರುಗುತ್ತದೆ. ‘ಎಷ್ಟು ವರ್ಷ ಆಯಿತು’ ಎನ್ನುವ ಬದಲು ‘ಇನ್ನೆಷ್ಟು ವರ್ಷ ಉಳಿದಿದೆ’ ಎಂದು ಎಣಿಸತೊಡಗುತ್ತೇವೆ. ಈ ಹಂತದ ಕೆಲಸ ನಮ್ಮ ನಂತರದವರಿಗಾಗಿ ಏನಾದರೂ ಬೆಳೆಸುವುದು. ಹೆತ್ತ ಮಕ್ಕಳನ್ನು ಸಾಕುವುದಷ್ಟೇ ಇದಲ್ಲ. ಮಕ್ಕಳಿಲ್ಲದ ಸಾಲುಮರದ ತಿಮ್ಮಕ್ಕ ಪತಿಯೊಂದಿಗೆ ಹುಲಿಕಲ್–ಕುದೂರು ರಸ್ತೆಯಲ್ಲಿ ಆಲದ ಸಸಿ ನೆಟ್ಟು, ನೀರು ಹೊತ್ತು ಹಾಕಿ ಬೆಳೆಸಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಈ ಹಂತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹೊರದೇಶದಲ್ಲಿ ಹುಡುಕಬೇಕಾಗಿಲ್ಲ.

ಸ್ವತಃ ಎರಿಕ್‌ಸನ್ ಇದಕ್ಕೆ ಉದಾಹರಣೆ ಕಂಡದ್ದು ಭಾರತದಲ್ಲಿ. 1962ರಲ್ಲಿ ಜೀವನಚಕ್ರದ ಕುರಿತ ವಿಚಾರಗೋಷ್ಠಿಗಾಗಿ ಅಹಮದಾಬಾದಿಗೆ ಬಂದ ಅವರಿಗೆ ಅಲ್ಲಿಯ ಗಿರಣಿ ಕಾರ್ಮಿಕರ 1918ರ ಮುಷ್ಕರದ ಕಥೆ ಹಿಡಿಸಿತು. ಆಗ ಗಾಂಧೀಜಿಗೆ 48 ವರ್ಷ. ನಡುವಯಸ್ಸಿನ ಆ ಮನುಷ್ಯ ಇಡೀ ಜನಸಮುದಾಯದ ಹೊಣೆ ಹೊರಲು ಹೇಗೆ ಸಿದ್ಧರಾದರು ಎಂಬುದನ್ನು ಕುರಿತು ಎರಿಕ್‌ಸನ್ ಬರೆದ ‘ಗಾಂಧೀಸ್ ಟ್ರುತ್’ 1969ರಲ್ಲಿ ಪ್ರಕಟವಾಗಿ, ಮರುವರ್ಷ ಪುಲಿಟ್ಜರ್ ಬಹುಮಾನ ಪಡೆಯಿತು.

ಬಡ್ತಿ ತಪ್ಪಿದ ಯಜಮಾನರು ‘ನನ್ನ ಕಥೆ ಮುಗಿಯಿತು’ ಎಂದುಕೊಂಡಿದ್ದಾರೆ. ಆಫೀಸಿನಲ್ಲಿ ಕಿರಿಯರಿಗೆ ಕೆಲಸ ಕಲಿಸುವುದು, ಬಡಾವಣೆಯ ಮಕ್ಕಳಿಗೆ ಆಟ ಆಡಿಸುವುದು, ಊರಿನ ಕೆರೆ, ಶಾಲೆಯ ಕೆಲಸ ಯಾವುದರಲ್ಲಾದರೂ ಕೈಯಿಟ್ಟರೆ ಜಡತೆ ಕರಗುತ್ತದೆ.

ಇನ್ನು ತಲೆನೋವಿನ ಗೃಹಿಣಿ. ಮೇಲೆ ಮಾವನವರ ಆರೈಕೆ, ಕೆಳಗೆ ಮಕ್ಕಳ ಓದು, ನಡುವೆ ಇವರು. ಮುಟ್ಟು ನಿಲ್ಲುವ ಮುನ್ನಿನ ವರ್ಷಗಳ ಏರುಪೇರೂ ಸೇರಿಕೊಳ್ಳಬಹುದು. ಇವರು ಎಲ್ಲರನ್ನೂ ಬೆಳೆಸುತ್ತಿದ್ದಾರೆ, ಇವರನ್ನು ಮಾತ್ರ ಯಾರೂ ವಿಚಾರಿಸುತ್ತಿಲ್ಲ. ಅಮೆರಿಕದಲ್ಲಿ 1938ರಲ್ಲಿ ಆರಂಭವಾದ ಹಾರ್ವರ್ಡ್ ಅಧ್ಯಯನ 724 ಪುರುಷರ ಬದುಕನ್ನು ದಶಕಗಳ ಕಾಲ ಗಮನಿಸಿತು. 50ರ ವಯಸ್ಸಿನಲ್ಲಿ ತಮ್ಮವರೊಂದಿಗಿನ ಸಂಬಂಧ ತೃಪ್ತಿಕರವಾಗಿದ್ದವರೇ 80ರಲ್ಲಿ ಹೆಚ್ಚು ಆರೋಗ್ಯವಂತರಾಗಿದ್ದರು. ಈ ವಿಷಯದಲ್ಲಿ ಕೊಲೆಸ್ಟರಾಲ್ ಲೆಕ್ಕಕ್ಕಿಂತ ಸಂಬಂಧದ ಲೆಕ್ಕವೇ ಹೆಚ್ಚು ಸರಿಯಾಗಿ ಸೂಚನೆ ಕೊಟ್ಟಿತು.

8. ಸಮಾಧಾನ – ಹತಾಶೆ (65ರ ನಂತರ)

ಮುಪ್ಪಿನಲ್ಲಿ ಮನಸ್ಸು ಹಿಂದಿರುಗಿ ನೋಡುತ್ತದೆ. ‘ನಾನು ಬದುಕಿದ ಬದುಕು ನನ್ನದೇ, ತಪ್ಪು ಒಪ್ಪು ಸೇರಿ ಅದು ಸರಿಯಾಗಿಯೇ ಇತ್ತು’ ಎನ್ನಿಸಿದರೆ ಸಮಾಧಾನ. ‘ಎಲ್ಲ ವ್ಯರ್ಥವಾಯಿತು, ಸರಿಪಡಿಸಲು ಹೊತ್ತಿಲ್ಲ’ ಎನ್ನಿಸಿದರೆ ಹತಾಶೆ. ಅಜ್ಜ ಹೇಳಿದ್ದನ್ನೇ ಹೇಳುತ್ತಾರೆ ಎಂದು ಮಕ್ಕಳು ನಗುತ್ತಾರೆ. ಆದರೆ ಹಾಗೆ ಹೇಳುತ್ತಲೇ ಅವರು ತಮ್ಮ ಬದುಕಿನ ಲೆಕ್ಕ ಒಪ್ಪಿಸುತ್ತಿರುತ್ತಾರೆ. 1963ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್, ಇದು ಅರಳು ಮರಳಲ್ಲ, ಮುಪ್ಪಿನ ಸಹಜ ಮತ್ತು ಅಗತ್ಯ ಕೆಲಸ ಎಂದು ತೋರಿಸಿಕೊಟ್ಟರು. ಕೇಳುವ ಕಿವಿ ಸಿಕ್ಕಿದರೆ ಲೆಕ್ಕ ಬೇಗ ತಾಳೆಯಾಗುತ್ತದೆ.

ತೊಂಬತ್ತು ದಾಟಿದ ಮೇಲೆ ಜೋನ್ ಎರಿಕ್‌ಸನ್ 1997ರಲ್ಲಿ ಒಂಬತ್ತನೆಯ ಹಂತವನ್ನು ಸೇರಿಸಿದರು. ಅತಿ ಮುಪ್ಪಿನಲ್ಲಿ ಕೈಕಾಲು ಮಾತು ಕೇಳದಾದಾಗ ಮೊದಲ ಹಂತಗಳ ಪ್ರಶ್ನೆಗಳೇ ಮರಳಿ ಬರುತ್ತವೆ: ಯಾರನ್ನು ನಂಬಲಿ? ನನ್ನ ಮೈ ನನ್ನ ಹಿಡಿತದಲ್ಲಿದೆಯೇ? ಹಾಸಿಗೆ ಒದ್ದೆ ಮಾಡಿಕೊಂಡ ಅಜ್ಜಿಗೆ ಎರಡೂವರೆ ವರ್ಷದ ಮಗುವಿನಷ್ಟೇ, ಅಥವಾ ಅದಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ ಎಂಬುದನ್ನು ಮರೆಯದಿರಿ.

ಎಲ್ಲರಿಗೂ ಒಂದೇ ಅಳತೆಯೇ?

ಈ ಹಂತಗಳ ವಯಸ್ಸು ಗೆರೆ ಕೊರೆದಂತಲ್ಲ. ಎರಿಕ್‌ಸನ್ ಸಿದ್ಧಾಂತ ಗಂಡಸರ ಬದುಕನ್ನೇ ಮಾದರಿಯಾಗಿ ಇಟ್ಟುಕೊಂಡಿದೆ ಎಂದು ಕ್ಯಾರಲ್ ಗಿಲಿಗನ್ 1982ರಲ್ಲಿ ಆಕ್ಷೇಪಿಸಿದರು. ನಮ್ಮ ಹೆಣ್ಣುಮಕ್ಕಳನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇ. 23.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ‘ನಾನು ಯಾರು’ ಎಂದು ಕೇಳಿಕೊಳ್ಳುವ ಮೊದಲೇ ಅವರು ಸೊಸೆ, ತಾಯಿ ಆಗಿಬಿಟ್ಟರು. ಐದನೆಯ ಮೆಟ್ಟಿಲನ್ನು ಹಾರಿಸಿ ಆರಕ್ಕೆ, ಏಳಕ್ಕೆ ದೂಡಿದ ಹಾಗಾಯಿತು. ಇಂಥವರಲ್ಲಿ ಕೆಲವರು ಮಕ್ಕಳು ದೊಡ್ಡವರಾದ ಮೇಲೆ ಓದು ಮುಂದುವರಿಸುತ್ತಾರೆ, ಸ್ವಸಹಾಯ ಸಂಘ ಸೇರುತ್ತಾರೆ. ‘ಈ ವಯಸ್ಸಿನಲ್ಲಿ ಇದೆಲ್ಲ ಏಕೆ?’ ಎಂದು ಕೇಳಬೇಡಿ. ಬಿಟ್ಟುಹೋದ ಮೆಟ್ಟಿಲನ್ನು ಅವರು ಈಗ ಹತ್ತುತ್ತಿದ್ದಾರೆ.

ಬಾಳನ್ನು ಹಂತಗಳಾಗಿ ನೋಡುವುದು ನಮಗೆ ಹೊಸದೂ ಅಲ್ಲ. ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸಂನ್ಯಾಸ ಎಂಬ ಆಶ್ರಮಗಳನ್ನು ಎರಿಕ್‌ಸನ್ ಅವರ ಹಂತಗಳೊಂದಿಗೆ ಹೋಲಿಸಿ ಮನೋವಿಶ್ಲೇಷಕ ಸುಧೀರ್ ಕಾಕರ್ ಬರೆದಿದ್ದಾರೆ.

ಕಾಯಿಲೆ ಯಾರಿಗೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬಾಗಿಲು ಹಾಕಿಕೊಳ್ಳುವ ಹುಡುಗನೇ ರೋಗಿ ಎಂದು ನೀವು ಊಹಿಸಿರಬಹುದು. ಅವನು ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾನೆ, ಗೆಳೆಯರೊಂದಿಗೆ ನಗುತ್ತಾನೆ, ಕಾಲೇಜಿಗೆ ತಪ್ಪದೆ ಹೋಗುತ್ತಾನೆ. ಅವನಿಗೆ ಕಾಯಿಲೆಯಿಲ್ಲ.

ಕಾಯಿಲೆ ಮಾವನವರಿಗೆ. ನಾಲ್ಕೈದು ತಿಂಗಳಲ್ಲಿ ಅವರ ಅಂಗಿ ಸಡಿಲವಾಗಿದೆ. ಬೆಳಗಿನ ಜಾವ ಮೂರಕ್ಕೇ ಎದ್ದು ಕೂರುತ್ತಾರೆ. ದಿನಪತ್ರಿಕೆ ಬಿಡಿಸುವುದೇ ಇಲ್ಲ. ದುಃಖವಾದರೆ ಅಲೆಯಂತೆ ಬಂದು ಹೋಗುತ್ತದೆ. ನಡುವೆ ಮೊಮ್ಮಕ್ಕಳನ್ನು ಕಂಡರೆ ಮುಖ ಅರಳುತ್ತದೆ. ಇವರ ಮುಖ ಅರಳುವುದನ್ನೇ ಬಿಟ್ಟಿದೆ. ಇದು ಖಿನ್ನತೆ. ಮನೆಯವರೆಲ್ಲ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಿದ್ದರು. ಖಿನ್ನತೆಗೆ ಯಾವ ವಯಸ್ಸಿನಲ್ಲೂ ಚಿಕಿತ್ಸೆಯಿದೆ. ಥೈರಾಯ್ಡ್, ಬಿ12 ಜೀವಸತ್ವದ ಕೊರತೆ, ಕಿವುಡು, ಮರೆವಿನ ಕಾಯಿಲೆ ಇವೆಯೇ ಎಂದೂ ಪರೀಕ್ಷಿಸಬೇಕಾಗುತ್ತದೆ.

ಕೆಳಗಿನ ಲಕ್ಷಣಗಳು ಎರಡು ವಾರಕ್ಕಿಂತ ಹೆಚ್ಚು ಕಾಲ ಇದ್ದರೆ, ವಯಸ್ಸು ಯಾವುದೇ ಇರಲಿ, ವೈದ್ಯರನ್ನು ಕಾಣಿ:

* ದಿನದ ಬಹುಪಾಲು ಬೇಸರ, ಅಥವಾ ಮೊದಲು ಖುಷಿ ಕೊಡುತ್ತಿದ್ದ ವಿಷಯಗಳಲ್ಲಿ ಆಸಕ್ತಿ ಹೋಗುವುದು.
* ನಿದ್ದೆ, ಹಸಿವು, ತೂಕದಲ್ಲಿ ಎದ್ದುಕಾಣುವ ಬದಲಾವಣೆ.
* ಶಾಲೆ, ಕೆಲಸ, ಸ್ನಾನ, ಊಟದಂಥ ನಿತ್ಯದ ಕೆಲಸ ನಿಂತುಹೋಗುವುದು.
* ಕುಡಿತ ಅಥವಾ ಇತರ ಚಟ ಹೆಚ್ಚಾಗುವುದು.

ಸಾವಿನ ಮಾತು, ತನ್ನಿಂದ ಮನೆಯವರಿಗೆ ಭಾರ ಎಂಬ ಮಾತು ಒಮ್ಮೆ ಬಂದರೂ ಎರಡು ವಾರ ಕಾಯಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ ಕನ್ನಡದಲ್ಲೇ ಸಲಹೆ ದೊರೆಯುತ್ತದೆ. ಹಿರಿಯ ನಾಗರಿಕರಿಗೆ 14567 ಸಂಖ್ಯೆಯಿದೆ.

ಮನೆಯವರಿಗೆ ಕಿವಿಮಾತು

* ಸಿಟ್ಟು ಬಂದಾಗ ‘ಇವರ ವಯಸ್ಸು ಇವರಿಂದ ಈಗ ಏನು ಕೇಳುತ್ತಿದೆ?’ ಎಂದು ಒಮ್ಮೆ ಯೋಚಿಸಿ.
* ಹೋಲಿಸಬೇಡಿ. ಅಣ್ಣನೊಂದಿಗೆ ತಮ್ಮನನ್ನು, ನಿಮ್ಮ ಕಾಲದೊಂದಿಗೆ ಮಕ್ಕಳ ಕಾಲವನ್ನು.
* ದಿನಕ್ಕೆ ಒಂದು ಹೊತ್ತಾದರೂ ಟೀವಿ, ಮೊಬೈಲ್ ಇಲ್ಲದೆ ಒಟ್ಟಿಗೆ ಊಟ ಮಾಡಿ.
* ಹಿರಿಯರಿಗೆ ವಿಶ್ರಾಂತಿಯ ಜೊತೆ ಒಂದು ಹೊಣೆಯನ್ನೂ ಕೊಡಿ.
* ಮನೆಯ ಎಲ್ಲರನ್ನೂ ನೋಡಿಕೊಳ್ಳುವವರು ಯಾರೋ, ಅವರನ್ನು ವಾರಕ್ಕೊಮ್ಮೆಯಾದರೂ ‘ನೀನು ಹೇಗಿದ್ದೀಯ?’ ಎಂದು ಕೇಳಿ.

ಕೊನೆಗೆ ಆ ಮನೆ ಏನಾಯಿತು? ಪವಾಡವೇನೂ ನಡೆಯಲಿಲ್ಲ. ಮಾವನವರಿಗೆ ಮಾತ್ರೆ ಶುರುವಾಗಿ ಆರು ವಾರಕ್ಕೆ ದಿನಪತ್ರಿಕೆ ಮತ್ತೆ ಕೈಗೆ ಬಂತು. ಮಗಳಿಗೆ ಕಪ್ಪು ಹಲಗೆ ಮಸುಕಾಗಿ ಕಾಣುತ್ತಿತ್ತು. ಕನ್ನಡಕ ಬಂದ ಮೇಲೆ ಸಂಜೆ ಅಜ್ಜನ ಬಳಿ ಮಗ್ಗಿ ಒಪ್ಪಿಸುತ್ತಾಳೆ. ಹುಡುಗ ಈಗಲೂ ಬಾಗಿಲು ಹಾಕಿಕೊಳ್ಳುತ್ತಾನೆ, ಆದರೆ ಊಟಕ್ಕೆ ಕರೆದರೆ ಬರುತ್ತಾನೆ. ಭಾನುವಾರ ಸಂಜೆಯ ಅಡುಗೆ ಈಗ ಯಜಮಾನರದು, ಮೈದುನನದು. ಆ ಹೊತ್ತಿನಲ್ಲಿ ಓರಗಿತ್ತಿಯರು ಕೂಸನ್ನು ಎತ್ತಿಕೊಂಡು ಪಾರ್ಕಿಗೆ ಹೋಗುತ್ತಾರೆ.

ತಲೆನೋವು? ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ ಎನ್ನುತ್ತಾರೆ ಅವರು. ರಾತ್ರಿ ನಿದ್ದೆ ಬರುತ್ತದಂತೆ.